ಎಲೆ ಹಿಡಿಯುವ ಮುನ್ನ: ಯಾವ ಆಟಕ್ಕೆ ಕೇಸು, ಯಾವುದಕ್ಕೆ ಇಲ್ಲ?

ಯುಗಾದಿ ಮಾರನೇ ದಿನ ಸಂಜೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಹೊಸತೊಡಕಿನ ಬಾಡೂಟ ಮುಗಿಸಿ, ತೋಪಿನಲ್ಲಿ ಟವೆಲ್ ಹಾಸಿಕೊಂಡು ಎಲೆ ಹಾಕುತ್ತಿದ್ದವರನ್ನು ಪೊಲೀಸರು ಜೀಪು ಹತ್ತಿಸಿರುತ್ತಾರೆ. ಗುಬ್ಬಿ ಕಡೆಯಿಂದ ಒಂದು ಕರೆ, ಕೊರಟಗೆರೆ ಕಡೆಯಿಂದ ಇನ್ನೊಂದು. ಎಲ್ಲರದೂ ಒಂದೇ ಪ್ರಶ್ನೆ: 'ಹಬ್ಬದ ದಿನ ಆಡಬಹುದು ಅಲ್ವಾ ಸಾರ್?'

ಇಲ್ಲ. ಕಾಯ್ದೆಯಲ್ಲಿ ಹೊಸತೊಡಕು ಅನ್ನುವ ಪದವೇ ಇಲ್ಲ. ಹಬ್ಬದ ದಿನ ಪೊಲೀಸರು ಕಣ್ಣು ಮುಚ್ಚಿಕೊಂಡರೆ ಅದು ಅವರ ಔದಾರ್ಯ, ನಿಮ್ಮ ಹಕ್ಕಲ್ಲ.

ತುಮಕೂರು ಕೋರ್ಟಿನಲ್ಲಿ ವಕೀಲಿ ಮಾಡುವ ನಾನು ಇಂಥ ಕೇಸುಗಳನ್ನು ಸಾಕಷ್ಟು ನೋಡಿದ್ದೇನೆ. ಯಾರೇ ಬಂದರೂ ನಾಲ್ಕು ವಿಷಯ ಕೇಳುತ್ತೇನೆ. ಎಲ್ಲಿ ಕೂತಿದ್ದಿರಿ? ಯಾವ ಆಟ? ಆಡಿಸಿದವನಿಗೆ ಎಷ್ಟು ಸಿಗುತ್ತಿತ್ತು? ದುಡ್ಡು ಯಾವ ದಾರಿಯಲ್ಲಿ ಹೋಯಿತು? ಆಡುವವರೆಲ್ಲ ಎರಡನೇ ಪ್ರಶ್ನೆಯಲ್ಲೇ ನಿಂತುಬಿಡುತ್ತಾರೆ. ಕೇಸು ಗೆಲ್ಲುವುದು, ಸೋಲುವುದು ಜಾಸ್ತಿ ಮೂರನೆಯದರ ಮೇಲೆ.

ಹೆಜ್ಜೆ 1: ಕೂರುವ ಜಾಗ ನೋಡಿಕೊಳ್ಳಿ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿ ಇದೆ. ಅದರ 34ನೇ ನಮೂದು 'ಪಣ ಮತ್ತು ಜೂಜು'. ಹಾಗಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆ ನಡೆಯುತ್ತದೆ. ಪಾವಗಡದವರು ಅಥವಾ ಗೌರಿಬಿದನೂರಿನವರು ಹಿಂದೂಪುರದ ಕಡೆ ಹೊರಟು ಗಡಿ ದಾಟಿದರೆ ಆಂಧ್ರದ 1974ರ ಗೇಮಿಂಗ್ ಕಾಯ್ದೆ. ಗಡಿ ದಾಟಿದರೆ ಬಚಾವ್ ಅನ್ನುವುದು ಸುಮ್ನೆ ಭ್ರಮೆ.

ಪತ್ರಿಕೆಯ ಅಪರಾಧ ಸುದ್ದಿ ಓದಲು ಒಂದು ಸುಲಭದ ಸೂತ್ರ ಹೇಳುತ್ತೇನೆ. ಕಲಂ 87 ಅಂತ ಕಂಡರೆ ಬೀದಿ, ಬಯಲು, ತೋಪಿನಲ್ಲಿ ಆಡಿದ್ದಾರೆ. 79 ಮತ್ತು 80 ಕಂಡರೆ ನಾಲ್ಕು ಗೋಡೆಯೊಳಗಿನ ಅಡ್ಡೆ. 79 ನಡೆಸಿದವನಿಗೆ, 80 ಆಡಿದವನಿಗೆ. 78(3) ಇದ್ದರೆ ಅದು ಮಟ್ಕಾ ಚೀಟಿ. ಕೋಳಿ ಪಂದ್ಯವಾದರೆ 87ರ ಜೊತೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮೂ ಬಂದು ಕೂರುತ್ತದೆ.

ಹೆಜ್ಜೆ 2: ಆಟದ ಹೆಸರು ಕೇಳಿ

ಪೊಲೀಸ್ ಕಾಯ್ದೆಯ ಕಲಂ 176 ಒಂದು ಕಿಟಕಿ ತೆರೆದಿಟ್ಟಿದೆ. ಬರೀ ಕೌಶಲದ ಆಟಕ್ಕೆ 79, 80ನೇ ಕಲಂಗಳು ತಾಗುವುದಿಲ್ಲ. ಹಾಗಾದರೆ ಕೌಶಲ ಯಾವುದು, ಅದೃಷ್ಟ ಯಾವುದು?

1968ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿದ್ದರು. ಆಂಧ್ರ ಸರ್ಕಾರ ಮತ್ತು ಸತ್ಯನಾರಾಯಣ ಎಂಬುವರ ನಡುವಿನ ಆ ಕೇಸಿನಲ್ಲಿ ಕೋರ್ಟ್, ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಲೆಕ್ಕ ಹಾಕಬೇಕು. ಅದೇ ತೀರ್ಪಿನಲ್ಲಿ ಮೂರು ಎಲೆಯ ಆಟ ಪೂರ್ತಿ ಅದೃಷ್ಟದ್ದು ಅಂತಲೂ ಹೇಳಿದೆ. ಅಂದರೆ ನಮ್ಮ ತೀನ್ ಪತ್ತಿಗೆ ರಕ್ಷಣೆ ಇಲ್ಲ. ಅಂದರ್–ಬಾಹರ್ ಬಗ್ಗೆ ಕೇಳುವುದೇ ಬೇಡ. ಎಲೆ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅನ್ನುವುದರಲ್ಲಿ ಯಾವ ಜಾಣತನ ಇದೆ ಹೇಳಿ? ಠಾಣೆಗೆ ಬಂದವರಲ್ಲಿ 'ನಾವು ರಮ್ಮಿ ಆಡ್ತಿದ್ವಿ' ಅನ್ನದವರು ಕಡಿಮೆ. ಪಂಚನಾಮೆಯಲ್ಲಿ ಮಾತ್ರ ಅಂದರ್–ಬಾಹರ್ ಅಂತಲೇ ಇರುತ್ತದೆ.

ಹೆಜ್ಜೆ 3: ಆಡಿಸುವವನ ಪಾಲು ಎಷ್ಟು?

ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಅದೇ 1968ರ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ರಮ್ಮಿ ಕ್ಲಬ್ಬುಗಳು ಗೋಡೆಗೆ ತೂಗುಹಾಕುವ ಫೋಟೊಕಾಪಿಯಲ್ಲಿ ಆ ಭಾಗಕ್ಕೆ ಗೆರೆ ಎಳೆದಿರುವುದಿಲ್ಲ. ಕ್ಲಬ್ ತನ್ನ ಸದಸ್ಯರಿಗೆ ಎಲೆ, ಕುರ್ಚಿ, ಸೇವೆಗೆ ಅಂತ ಸಣ್ಣ ಮೊತ್ತ ತೆಗೆದುಕೊಂಡರೆ ಅದು ಲಾಭವಲ್ಲ. ಆದರೆ ಆಟದಿಂದಲೇ ನಡೆಸುವವನು ಲಾಭ ಮಾಡುತ್ತಿದ್ದರೆ, ಅಥವಾ ರಮ್ಮಿ ನೆಪದಲ್ಲಿ ಬೇರೆ ಬಗೆಯ ಜೂಜು ನಡೆಯುತ್ತಿದ್ದರೆ ಅಪರಾಧ ಆಗಬಹುದು. ಅಂದರೆ ರಮ್ಮಿಗೆ ಸಿಕ್ಕ ರಕ್ಷಣೆ ಕಮಿಷನ್ ಹೊಡೆಯುವವನಿಗೆ ಸಿಕ್ಕಿಲ್ಲ.

ಹಾಗಾಗಿ ತಾಲೂಕು ಕೇಂದ್ರದ ಯಾವುದೋ 'ರಿಕ್ರಿಯೇಷನ್ ಕ್ಲಬ್'ಗೆ ಸೇರುವ ಮುನ್ನ ಇಷ್ಟು ಮಾಡಿ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗಿದೆಯಾ ನೋಡಿ. ಪತ್ರ ತೋರಿಸಲು ತಡವರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ. ನಿಮಗೆ ಸದಸ್ಯತ್ವದ ರಸೀದಿ, ಗುರುತಿನ ಚೀಟಿ ಕೊಡಬೇಕು. ಬಾಗಿಲಲ್ಲಿ 500 ಕೊಟ್ಟವರೆಲ್ಲ ಅವತ್ತಿಗೆ 'ಸದಸ್ಯ' ಆಗುವುದಾದರೆ ಅದು ಕ್ಲಬ್ ಅಲ್ಲ, ಬೋರ್ಡು ಹಾಕಿಕೊಂಡ ಅಡ್ಡೆ. ಪೊಲೀಸರ ಕಾಟ ಅಂತ ಕ್ಲಬ್ಬುಗಳು ಹೈಕೋರ್ಟಿಗೆ ಹೋದಾಗ ಕೋರ್ಟ್ ಹಲವು ಬಾರಿ ಇದೇ ಬಗೆಯ ಷರತ್ತು ಹಾಕಿದೆ. ಸದಸ್ಯರಿಗೆ ಗುರುತಿನ ಚೀಟಿ ಕೊಡಿ, ಸಿಸಿಟಿವಿ ಹಾಕಿ, ಹೊರಗಿನವರನ್ನು ಆಡಿಸಬೇಡಿ, ಪಣ ಇಟ್ಟು ಲಾಭ ಮಾಡಬೇಡಿ, ಪೊಲೀಸರು ಬಂದರೆ ನೋಡಲು ಬಿಡಿ. ಈ ಪಟ್ಟಿ ಕೈಲಿಟ್ಟುಕೊಂಡು ನಿಮ್ಮ ಕ್ಲಬ್ಬಿನೊಳಗೆ ಒಮ್ಮೆ ಕಣ್ಣಾಡಿಸಿ. ಪ್ರತಿ ಆಟದ ದುಡ್ಡಿನಿಂದ ಒಂದಿಷ್ಟು ಎತ್ತಿ ಡಬ್ಬಿಗೆ ಹಾಕುತ್ತಿದ್ದಾರಾ? ಆ ಡಬ್ಬಿಯೇ ನಾಳೆ ಕೋರ್ಟಿನಲ್ಲಿ ಸಾಕ್ಷಿ.

ಒಟ್ಟಿಗೆ ಸೇರಿ ಗುಂಪು ಕಟ್ಟಿಕೊಂಡು ಬೆಟ್ಟಿಂಗ್ ಆಡಿಸಿದರೆ ಈಗ ಇನ್ನೂ ಗಟ್ಟಿ ಕಲಂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 112 ಇದನ್ನು ಸಣ್ಣ ಸಂಘಟಿತ ಅಪರಾಧಗಳ ಸಾಲಿಗೆ ಸೇರಿಸಿದೆ. ಶಿಕ್ಷೆ 1ರಿಂದ 7 ವರ್ಷ. ಐಪಿಎಲ್ ಬುಕ್ಕಿಗಳು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಹೆಜ್ಜೆ 4: ಮೊಬೈಲಿನಲ್ಲಿ ಆಡುತ್ತೀರಾ? ಹಾಗಾದರೆ ಹಿಂದಿನದೆಲ್ಲ ಮರೆತುಬಿಡಿ

2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಗೆ ಹಾಕಿದ್ದು ತಪ್ಪು ಅಂದಿತು. ಆಮೇಲೆ ಮೂರು ವರ್ಷ ಆ್ಯಪ್‌ಗಳ ಸುಗ್ಗಿ.

2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾಯ್ದೆ ತಂದಿತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿ ಅಂಕಿತ. ಮೂರೇ ದಿನ! ನಮ್ಮೂರಲ್ಲಿ ಒಂದು ಪಹಣಿ ತಿದ್ದುಪಡಿಗೂ ಇದಕ್ಕಿಂತ ಜಾಸ್ತಿ ದಿನ ಬೇಕು. ಈ ಕಾಯ್ದೆಗೆ ಕೌಶಲ, ಅದೃಷ್ಟ ಅನ್ನುವ ಭೇದವೇ ಇಲ್ಲ. ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದಾದರೂ ನಿಷಿದ್ಧ. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಹಣ ಸಾಗಿಸಿದವರಿಗೂ ಶಿಕ್ಷೆ ಇದೆ. ಸುಮ್ಮನೆ ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಇ–ಸ್ಪೋರ್ಟ್ಸ್‌ಗೆ (ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್), ದುಡ್ಡಿನ ಪಣವಿಲ್ಲದ ಆಟಗಳಿಗೆ ಅಡ್ಡಿಯಿಲ್ಲ. ಜೂಜು ರಾಜ್ಯದ ವಿಷಯವಾಗಿರುವಾಗ ಕೇಂದ್ರ ಹೀಗೆ ಮಾಡಬಹುದಾ ಅಂತ ಕಂಪನಿಗಳು ಕೋರ್ಟಿಗೆ ಹೋದವು. ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಆ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಹತ್ತಿರಕ್ಕೇ ತರಿಸಿಕೊಂಡಿತು.

ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು. ಈಗ ಟೆಲಿಗ್ರಾಂ ಲಿಂಕಿನಲ್ಲಿ ಬರುವುದು ಹೊರದೇಶದ ಆ್ಯಪ್‌ಗಳು. ಅವಕ್ಕೆ ದುಡ್ಡು ಹೋಗಲು ನಮ್ಮ ಹುಡುಗರ ಬ್ಯಾಂಕ್ ಖಾತೆ ಬೇಕು. ನನ್ನ ಸಂಬಂಧಿಕರ ಹುಡುಗನೊಬ್ಬ, ಇಲ್ಲೇ ಓದುತ್ತಿದ್ದವನು, ತಿಂಗಳಿಗೆ 5,000 ಸಿಗುತ್ತೆ ಅಂತ ಖಾತೆ, ಎಟಿಎಂ ಕಾರ್ಡು, ಸಿಮ್ಮು ಮೂರನ್ನೂ ಕೊಟ್ಟುಬಿಟ್ಟ. ಇನ್ನೊಂದು ರಾಜ್ಯದ ಪೊಲೀಸರ ನೋಟಿಸ್ ಬಂದಾಗಲೇ ಮನೆಯವರಿಗೆ ಗೊತ್ತಾಗಿದ್ದು. ಅವನು ಒಂದು ಆಟವನ್ನೂ ಆಡಿರಲಿಲ್ಲ. ಆದರೂ ಆರೋಪಿ. ದುಡ್ಡು ಹೋಗುವ ದಾರಿ ಕೇಳುತ್ತೇನೆ ಅಂದೆನಲ್ಲ, ಅದು ಇದಕ್ಕೇ.

ಇಂಥ ಆ್ಯಪ್‌ನಲ್ಲಿ ಮೋಸ ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯುಪಿಐ ವ್ಯವಹಾರದ ಸಂಖ್ಯೆ, ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ್ಯಪ್ ಡಿಲೀಟ್ ಮಾಡಬೇಡಿ, ಸಾಕ್ಷಿ ಅಲ್ಲೇ ಇರುತ್ತೆ. ಆಮೇಲೆ ಜಿಲ್ಲೆಯ ಸೆನ್ ಠಾಣೆಗೆ (ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಕೇಸು ನೋಡುವ ಠಾಣೆ) ಹೋಗಿ. ಕೋಲಾರದವರು ಒಂದು ಗಮನಿಸಿ: ಕೆಜಿಎಫ್ ಬೇರೆಯೇ ಪೊಲೀಸ್ ಜಿಲ್ಲೆ.

ಹೆಜ್ಜೆ 5: ಗೋವಾ ಬಸ್ ಹತ್ತುವ ಮುನ್ನ

ಕ್ಯಾಸಿನೋ ನಮ್ಮ ರಾಜ್ಯದಲ್ಲಿ ಇಲ್ಲ. ಗೋವಾದಲ್ಲಿ, ಸಿಕ್ಕಿಂನಲ್ಲಿ ಲೈಸೆನ್ಸ್ ಪಡೆದು ನಡೆಸಬಹುದು. ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲಿನಲ್ಲಿ ಯಂತ್ರದ ಆಟಕ್ಕೆ ಬಿಟ್ಟರು. 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಕ್ಕೂ ಬಿಟ್ಟರು. ಮಾಂಡೋವಿ ನದಿಯಲ್ಲಿ ದೀಪ ಹಾಕಿಕೊಂಡು ನಿಂತಿರುವ ಹಡಗುಗಳು ಅವೇ. ತಮಾಷೆ ನೋಡಿ, 2020ರ ಫೆಬ್ರುವರಿ 1ರಿಂದ ಗೋವಾದವರಿಗೇ ಅಲ್ಲಿ ಪ್ರವೇಶ ಇಲ್ಲ. ಹೊರಗಿನ ನಮಗೆ ಇದೆ! ವಯಸ್ಸು 21 ಆಗಿರಬೇಕು. ಅಲ್ಲಿ ಆಡಿದ್ದಕ್ಕೆ ತುಮಕೂರಿನಲ್ಲಿ ಯಾರೂ ಕೇಸು ಹಾಕುವುದಿಲ್ಲ.

ಹೊಡೆತ ಬೀಳುವುದು ತೆರಿಗೆಯಲ್ಲಿ. 2023ರ ಅಕ್ಟೋಬರ್ 1ರಿಂದ ಚಿಪ್ಸ್ (ದುಡ್ಡಿನ ಬದಲು ಆಡುವ ಬಿಲ್ಲೆ) ಕೊಳ್ಳುವ ಪೂರ್ತಿ ಮೊತ್ತಕ್ಕೆ 28% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 40%. ಅಂದರೆ 10,000 ರೂಪಾಯಿ ಚಿಪ್ಸಿಗೆ 4,000 ತೆರಿಗೆ. ಆಡದೆ ಚಿಪ್ಸ್ ವಾಪಸ್ ಕೊಟ್ಟರೂ ಆ ತೆರಿಗೆ ಹಿಂದಕ್ಕೆ ಬರುವುದಿಲ್ಲ. ಗೆದ್ದಿದ್ದನ್ನು ಮತ್ತೆ ಹಾಕಿ ಆಡಿದರೆ ಅದಕ್ಕೆ ಮಾತ್ರ ಹೊಸ ಜಿಎಸ್‌ಟಿ ಇಲ್ಲ.

ಗೆದ್ದರೆ ಆದಾಯ ತೆರಿಗೆ 30%, ಮೇಲೆ ಸೆಸ್ ಸೇರಿ 31.2%. ನಿಮ್ಮ ಆದಾಯ ಎಷ್ಟೇ ಕಡಿಮೆಯಿರಲಿ ವಿನಾಯಿತಿ ಇಲ್ಲ. ಶನಿವಾರ 50,000 ಗೆದ್ದು ಭಾನುವಾರ 60,000 ಸೋತಿರಾ? ಸೋತಿದ್ದನ್ನು ಕಳೆಯುವ ಹಾಗಿಲ್ಲ, 50,000ಕ್ಕೆ ತೆರಿಗೆ ಕಟ್ಟಬೇಕು. ಬಸ್ ಚಾರ್ಜು, ರೂಮ್ ಬಾಡಿಗೆ ಖರ್ಚು ಅಂತ ತೋರಿಸಲೂ ಆಗದು. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಳ್ಳಬೇಡಿ. ತಗೊಂಡವರಿಗೇ ಅಷ್ಟು ಮೊತ್ತದ ದಂಡ ಬೀಳಬಹುದು. ಇಲ್ಲೇ ದುಡ್ಡು ಕಟ್ಟಿಸಿಕೊಂಡು 'ಅಲ್ಲಿ ಚಿಪ್ಸ್ ಸಿಗುತ್ತೆ ಬನ್ನಿ' ಅನ್ನುವ ಏಜೆಂಟರನ್ನಂತೂ ಹತ್ತಿರ ಸೇರಿಸಬೇಡಿ. ರಸೀದಿ ಇಲ್ಲದ ದುಡ್ಡಿಗೆ ನಾನೂ ಏನೂ ಮಾಡಲಾರೆ.

ಕುದುರೆ ರೇಸಿನ ಬಗ್ಗೆ ಕುಣಿಗಲ್‌ನವರು ಕೇಳದೆ ಬಿಡುವುದಿಲ್ಲ. ಊರಲ್ಲೇ ಸ್ಟಡ್ ಫಾರ್ಮ್ ಇದೆಯಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ರೇಸನ್ನು ಕೌಶಲದ ಆಟ ಅಂದಿದೆ. ಆದರೆ ಪಣ ಕಟ್ಟುವುದು ಲೈಸೆನ್ಸ್ ಇರುವ ರೇಸ್ ಕೋರ್ಸಿನ ಆವರಣದಲ್ಲಿ, ಲೈಸೆನ್ಸ್ ಇರುವವರ ಹತ್ತಿರ ಮಾತ್ರ. ಟೀ ಅಂಗಡಿ ಮುಂದೆ ಫೋನಿನಲ್ಲಿ ಕಟ್ಟಿಸಿಕೊಳ್ಳುವವನ ಕುದುರೆ ಗೆದ್ದರೂ ಕೇಸೇ.

ಹೆಜ್ಜೆ 6: ರೈಡ್ ಆದರೆ

ಓಡಬೇಡಿ. ತೋಪಿನ ಕತ್ತಲಲ್ಲಿ ಓಡಿ ಬಾವಿಗೆ ಬಿದ್ದರೆ ದಂಡಕ್ಕಿಂತ ದುಬಾರಿ. ನಿಮ್ಮ ಹತ್ತಿರ ಎಷ್ಟು ದುಡ್ಡು ವಶಪಡಿಸಿಕೊಂಡರು, ಅಷ್ಟೇ ಪಂಚನಾಮೆಯಲ್ಲಿ ಬರೆದಿದ್ದಾರಾ ನೋಡಿ. ಓದದೆ ಸಹಿ ಹಾಕಬೇಡಿ. ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು ಅಂತ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಅಸಂಜ್ಞೇಯ ಅಪರಾಧವಾದರೆ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸುವ ಹಾಗಿಲ್ಲದ್ದು) ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆ ಅನುಮತಿ ಸರಿಯಾಗಿ ಪಡೆದಿಲ್ಲ ಅಂತಲೇ ಹೈಕೋರ್ಟ್ ಎಷ್ಟೋ ಇಸ್ಪೀಟು ಕೇಸುಗಳನ್ನು ರದ್ದು ಮಾಡಿದೆ. ಹಾಗಾಗಿ ದಾಖಲೆಯ ಪ್ರತಿ ತಗೊಂಡು ಮೊದಲು ತಾರೀಖುಗಳನ್ನು ಹೊಂದಿಸಿ ನೋಡಿ.

ಜನ ಸಾಮಾನ್ಯವಾಗಿ ಮಾಡುವ ತಪ್ಪು ಬೇರೆ. 'ಒಪ್ಪಿಕೊಂಡು ಫೈನ್ ಕಟ್ಟಿ ಬಿಡೋಣ, ಯಾರು ಅಲೆಯುತ್ತಾರೆ' ಅನ್ನುತ್ತಾರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೂ ಅದು ಶಿಕ್ಷೆಯೇ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿರುವ ಹುಡುಗರು ನಮೂನೆಯಲ್ಲಿ 'ಶಿಕ್ಷೆಯಾಗಿದೆಯೇ' ಎಂಬ ಸಾಲಿಗೆ ಬಂದಾಗ ನನ್ನ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ.

ಸೋತ ದುಡ್ಡಿನ ಸಾಲ

1872ರ ಕರಾರು ಕಾಯ್ದೆಯ ಕಲಂ 30ರ ಪ್ರಕಾರ ಪಣದ ಒಪ್ಪಂದಕ್ಕೆ ಬೆಲೆ ಇಲ್ಲ. 'ಎಲೆಯಲ್ಲಿ ಸೋತ 40,000 ಕೊಡು' ಅಂತ ಯಾರೂ ದಾವೆ ಹೂಡುವ ಹಾಗಿಲ್ಲ. ಆದರೆ ಆಡಲು ಅಂತ ಮೂರನೆಯವನ ಹತ್ತಿರ ಕೈಸಾಲ ತಂದಿದ್ದರೆ ಅದು ಬೇರೆ ಲೆಕ್ಕ. 1959ರಲ್ಲೇ ಸುಪ್ರೀಂ ಕೋರ್ಟ್ ಪಣದ ಒಪ್ಪಂದ ಅನೂರ್ಜಿತ, ಕಾನೂನುಬಾಹಿರ ಅಲ್ಲ ಅಂದಿದೆ. ಆದ್ದರಿಂದ ಜೂಜಿಗೆ ಅಂತ ಕಾರಣ ಕೊಟ್ಟು ಸಾಲದಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಮನೆ ಮುಂದೆ ಬಂದು ಕಿರುಕುಳ ಕೊಟ್ಟರೆ ಮಾತ್ರ 2025ರ ಕರ್ನಾಟಕದ ಕಿರು ಸಾಲ ಕಾಯ್ದೆ ಹಿಡಿದು ಠಾಣೆಗೆ ಹೋಗಬಹುದು.

ಆಟ ಬಿಡಲು ಆಗುತ್ತಿಲ್ಲ ಅನ್ನುವವರು ನನ್ನಂಥ ವಕೀಲರ ಹತ್ತಿರ ಬಂದು ಪ್ರಯೋಜನವಿಲ್ಲ. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಮೊಬೈಲ್, ಇಂಟರ್ನೆಟ್ ಗೀಳಿಗೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಹೆಸರಿನ ಕ್ಲಿನಿಕ್ ಇದೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದರೆ ಅವತ್ತೇ ತೋರಿಸಿಕೊಂಡು ಸಂಜೆ ಊರಿಗೆ ಬರಬಹುದು.