ಗೇರ್ ಆಯಿಲ್, ಕ್ರೌನ್ ಆಯಿಲ್: ಮೊದಲು ಬಿಚ್ಚಬೇಕಾದದ್ದು ತುಂಬುವ ಪ್ಲಗ್

ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಗೇರ್‌ಬಾಕ್ಸ್ ಮತ್ತು ಹಿಂದಿನ ಕ್ರೌನ್, ಅಂದರೆ ಎಂಜಿನ್ ಬಲವನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ಇವುಗಳ ಎಣ್ಣೆ ನೆನಪಾಗುವುದು ಗಾಡಿ ಊಳಿಡಲು ಶುರುವಾದ ಮೇಲೆ. ಹಲವು ಗಾಡಿಗಳ ಕೈಪಿಡಿ ಇದಕ್ಕೆ 40,000 ಕಿ.ಮೀ. ಆಸುಪಾಸಿನ ಗಡುವು ಕೊಡುತ್ತದೆ. ರಾಶಿ ಮುಗಿದ ಮೇಲೆ ತೊಗರಿ ಚೀಲ ಹೇರಿಕೊಂಡು ಎಪಿಎಂಸಿಗೆ ಓಡುವ, ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಸೇಡಂ, ಚಿತ್ತಾಪುರ ಕಡೆಯ ಧೂಳು ತಿನ್ನುವ ಗಾಡಿಗೆ ಅದರ ಅರ್ಧಕ್ಕೇ ಬದಲಿಸಿ.

ಬೊಲೆರೊ, ಈಕೋದಂಥ ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಗೇರ್‌ಬಾಕ್ಸಿಗೊಂದು, ಕ್ರೌನಿಗೊಂದು ಎಣ್ಣೆ. ಸ್ವಿಫ್ಟ್‌ನಂಥ ಮುಂದಿನ ಚಕ್ರದ ಕಾರುಗಳಲ್ಲಿ ಎರಡೂ ಒಂದೇ ಪೆಟ್ಟಿಗೆಯೊಳಗಿರುವುದರಿಂದ ಒಂದೇ ಎಣ್ಣೆ ಸಾಕು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ವಿಧಾನವೇ ಬೇರೆ, ಅದಕ್ಕೆ ಇಲ್ಲಿ ಹೇಳಿದ್ದು ಅನ್ವಯಿಸುವುದಿಲ್ಲ.

ಎಣ್ಣೆ ಕೊಳ್ಳುವಾಗ ದಪ್ಪವನ್ನಷ್ಟೇ ನೋಡಿದರೆ ಸಾಲದು. 80ಡಬ್ಲ್ಯೂ-90 ಎಂಬುದು ದಪ್ಪ. ಜಿಎಲ್-4, ಜಿಎಲ್-5 ಎಂಬುದು ಅದರ ಗುಣ. ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್, ಇವುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡ ತಡೆಯಲು ಗಂಧಕ, ರಂಜಕದ ಅಂಶ ಹೆಚ್ಚಿರುವ ಜಿಎಲ್-5 ಬೇಕು. ಅದೇ ಅಂಶ ಗೇರ್‌ಬಾಕ್ಸಿನ ಗೇರ್ ಬೀಳುವಾಗ ವೇಗ ಹೊಂದಿಸುವ ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ಕಾಲಕ್ರಮೇಣ ತಿನ್ನುತ್ತದೆ, ಗೇರ್ ಬೀಳುವಾಗ ಕರಕರ ಎನ್ನತೊಡಗುತ್ತದೆ. ಆದ್ದರಿಂದ ಕೈಪಿಡಿ ಜಿಎಲ್-4 ಎಂದಿದ್ದರೆ ಗೇರ್‌ಬಾಕ್ಸಿಗೆ ಅದನ್ನೇ ಹಾಕಿ. ಎರಡಕ್ಕೂ ನಡೆಯುತ್ತದೆಂದು ಮಾರುವ ಡಬ್ಬಿ ಬೇಡ, ಎರಡು ಡಬ್ಬಿ ಬೇರೆ ಬೇರೆ ತನ್ನಿ. ಬ್ಯಾರಲ್‌ನಿಂದ ಅಳೆದು ಕೊಡುವ ಲೂಸ್ ಎಣ್ಣೆಯಂತೂ ಬೇಡವೇ ಬೇಡ. ಕ್ರೌನ್ ಸದ್ದು ಅಡಗಿಸಲೆಂದು 140ರ ದಪ್ಪ ಎಣ್ಣೆ ಸುರಿಯುವವರಿದ್ದಾರೆ. ಸದ್ದು ಕೆಲ ದಿನ ಮುಚ್ಚುತ್ತದೆ, ಒಳಗಿನ ಸವೆತ ನಿಲ್ಲುವುದಿಲ್ಲ.

ಹತ್ತು ಹದಿನೈದು ನಿಮಿಷ ಗಾಡಿ ಓಡಿಸಿ ಎಣ್ಣೆ ಬೆಚ್ಚಗಾಗಲಿ. ನಂತರ ಪಿಟ್ ಮೇಲೆ ನಿಲ್ಲಿಸಿ. ಪಿಟ್ ಇಲ್ಲದಿದ್ದರೆ ನಾಲ್ಕೂ ಕಡೆ ಸಮವಾಗಿ ಎತ್ತಿ, ಉಕ್ಕಿನ ಸ್ಟ್ಯಾಂಡ್ ಕೊಡಿ. ಅಂಗಳದಲ್ಲಿ ಬಿದ್ದಿರುವ ಶಹಾಬಾದ್ ಫರ್ಸಿ ತುಂಡುಗಳನ್ನು ಪೇರಿಸಿ ಗಾಡಿ ಕೂರಿಸಬೇಡಿ. ಅದು ಪದರ ಪದರದ ಸುಣ್ಣಕಲ್ಲು, ಒಂದೇ ಬದಿಗೆ ಭಾರ ಬಿದ್ದರೆ ಸೂಚನೆ ಕೊಡದೆ ಸೀಳುತ್ತದೆ, ಅಡಿಯಲ್ಲಿ ಮನುಷ್ಯ ಮಲಗಿರುತ್ತಾನೆ.

ಈಗ ಹೆಚ್ಚಿನವರು ಎಡವುವ ಜಾಗ. ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಪಕ್ಕದಲ್ಲಿರುವ ತುಂಬುವ ಪ್ಲಗ್ ಬಿಚ್ಚಿ. ವರ್ಷಗಟ್ಟಲೆ ಎರೆಮಣ್ಣು ಮೆತ್ತಿ ತುಕ್ಕು ಹಿಡಿದ ಪ್ಲಗ್ ಅದು. ಎಣ್ಣೆಯೆಲ್ಲ ಬಸಿದ ಮೇಲೆ ಅದು ಬಿಚ್ಚಲಿಲ್ಲವೆಂದರೆ ಹೊಸ ಎಣ್ಣೆ ಹಾಕಲು ದಾರಿಯಿಲ್ಲ, ಖಾಲಿ ಕ್ರೌನ್ ಇಟ್ಟುಕೊಂಡು ಗಾಡಿ ಗ್ಯಾರೇಜಿಗೂ ಹೋಗಲಾರದು. ಹಿಂದಿನ ರಾತ್ರಿಯೇ ತಂತಿ ಬ್ರಷ್‌ನಿಂದ ಮಣ್ಣು ಕೆದರಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಪ್ಲಗ್‌ನ ತಲೆಗೆ ಸುತ್ತಿಗೆಯಿಂದ ನಾಲ್ಕಾರು ಸಣ್ಣ ಏಟು ಕೊಡಿ. ಅಳತೆಗೆ ಸರಿಹೊಂದುವ ಆರು ಮೂಲೆಯ ಸಾಕೆಟ್ಟನ್ನು ಪೂರ್ತಿ ಕೂರಿಸಿ, ಉದ್ದ ಹಿಡಿಯಿಂದ ಒಂದೇ ಹದದಲ್ಲಿ ತಿರುಗಿಸಿ. ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಪಾನಾ ಹಾಕಿದರೆ ಮೂಲೆಗಳು ಸವೆದು ತಲೆ ದುಂಡಗಾಗುತ್ತದೆ. ಚೌಕದ ತೂತಿರುವ ಪ್ಲಗ್ ಆದರೆ ತೂತಿನೊಳಗಿನ ಮಣ್ಣನ್ನು ಪೂರ್ತಿ ತೆಗೆಯಿರಿ, ಇಲ್ಲವಾದರೆ ಪಾನಾ ಅರ್ಧಕ್ಕೇ ನಿಂತು ಜಾರುತ್ತದೆ. ಬೆಂಕಿ ಹಿಡಿದು ಕಾಯಿಸುವುದು ಬೇಡ, ಪಕ್ಕದಲ್ಲೇ ಎಣ್ಣೆ ತಡೆಯುವ ರಬ್ಬರ್ ಸೀಲ್ ಇರಬಹುದು.

ಅದು ಬಿಚ್ಚಿದ ಮೇಲೆ ಡ್ರೈನ್ ಪ್ಲಗ್ ತೆಗೆದು ಬಸಿಯಲು ಬಿಡಿ.

ಪ್ಲಗ್‌ಗೆ ಆಯಸ್ಕಾಂತವಿದ್ದರೆ ಒರೆಸುವ ಮೊದಲು ನೋಡಿ. ಕಾಡಿಗೆಯಂತೆ ನುಣ್ಣನೆಯ ಬೂದು ಮೆತ್ತಿದ್ದರೆ ಅದು ಸಹಜ ಸವೆತ. ಚಕ್ಕೆ, ಹಲ್ಲಿನ ಚೂರು ಸಿಕ್ಕರೆ ಹೊಸ ಎಣ್ಣೆಯ ದುಡ್ಡು ಉಳಿಸಿ, ಕ್ರೌನ್ ಬಿಚ್ಚಿಸಿ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಭೀಮಾ, ಕಾಗಿಣಾ ತುಂಬಿ ಹಳ್ಳದ ನೀರು ರಸ್ತೆಗೆ ಬಂದಾಗ ಬಿಸಿ ಕ್ರೌನ್ ನೀರಿಗಿಳಿಯುತ್ತದೆ, ಒಳಗಿನ ಗಾಳಿ ಒಮ್ಮೆಲೇ ತಣಿದು ಕುಗ್ಗಿ ಬ್ರೀದರ್ ಎಂಬ ಉಸಿರುಗೊಳವೆಯಿಂದ ನೀರು ಎಳೆದುಕೊಳ್ಳುತ್ತದೆ. ಹಾಗಾಗಿದ್ದರೆ ಹೊಸ ಎಣ್ಣೆ ಹಾಕಿ ಸ್ವಲ್ಪ ಓಡಿಸಿ ಇನ್ನೊಮ್ಮೆ ಬದಲಿಸಬೇಕು. ಸೀಮೆಎಣ್ಣೆ ಹಾಕಿ ತೊಳೆಯುವ ರೂಢಿ ಬಿಡಿ, ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ.

ಬ್ರೀದರ್ ಎಂದರೆ ಕ್ರೌನಿನ ಹೊರಕವಚದ ಮೇಲಿನ ಸಣ್ಣ ಟೊಪ್ಪಿಗೆಯಂಥ ಉಸಿರುಗೊಳವೆ. ಅದನ್ನು ಬಿಚ್ಚಿ ಊದಿ ನೋಡಿ. ಧೂಳಿನಿಂದ ಕಟ್ಟಿದ್ದರೆ ಬಿಸಿಗೆ ಒಳಗೆ ಒತ್ತಡ ಏರಿ ಆಕ್ಸಲ್ ಸೀಲ್ ದಾಟಿ ಎಣ್ಣೆ ಹಿಂದಿನ ಬ್ರೇಕ್ ಶೂಗೆ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಸೀಲ್ ಬದಲಿಸಿ ಬ್ರೀದರ್ ಬಿಟ್ಟರೆ ಹೊಸ ಸೀಲೂ ಸೋರುತ್ತದೆ. ಸೋರಿಕೆ ನಿಲ್ಲಿಸುತ್ತೇವೆಂದು ಮಾರುವ ಬಾಟಲಿಗಳಿಗೆ ದುಡ್ಡು ಹಾಕಬೇಡಿ.

ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಹಾಕಿ. ಅಲ್ಯೂಮಿನಿಯಂ ಗೇರ್‌ಬಾಕ್ಸಿನಲ್ಲಿ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ಪಾನಾ ಬಳಸಿ. ಪೈಪ್ ಸಿಕ್ಕಿಸಿ ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ. ಆಮೇಲೆ ಎಂ-ಸೀಲ್ ಮೆತ್ತಿ ಮುಚ್ಚಿದ ಪ್ಲಗ್ ಹೆಚ್ಚು ದಿನ ನಿಲ್ಲುವುದಿಲ್ಲ.

ಇನ್ನು ತುಂಬುವುದು. ಬಾಟಲಿ ಓರೆಯಾಗಿಸಲು ಅಡಿಯಲ್ಲಿ ಜಾಗವಿರುವುದಿಲ್ಲ, ಕೈಪಂಪು ಅಥವಾ ದೊಡ್ಡ ಸಿರಿಂಜ್‌ಗೆ ನಳಿಗೆ ಹಾಕಿ ನಿಧಾನ ಒತ್ತಿ. ಬಸಿದು ಬಂದಷ್ಟನ್ನೇ ಅಳೆದು ಹಾಕುವುದು ತಪ್ಪು, ಹಳೆಯದು ಸೋರಿ ಕಡಿಮೆಯಾಗಿದ್ದಿರಬಹುದು. ಸಾಮಾನ್ಯವಾಗಿ ಎಣ್ಣೆ ತೂತಿನ ಕೆಳ ಅಂಚಿಗೆ ಬಂದು ತೊಟ್ಟಿಕ್ಕಬೇಕು, ಅದೇ ಮಟ್ಟ. ಮುಂಭಾಗ ಮಾತ್ರ ಜಾಕ್ ಮೇಲಿದ್ದರೆ ಈ ಮಟ್ಟ ಸುಳ್ಳು ಹೇಳುತ್ತದೆ. ತೊಟ್ಟಿಕ್ಕಿದೊಡನೆ ಮುಚ್ಚಬೇಡಿ, ದಪ್ಪ ಎಣ್ಣೆ ಬೇರಿಂಗುಗಳ ಸಂದಿಗೆ ಇಳಿಯಲು ಐದು ನಿಮಿಷ ಬೇಕು. ಕಾದು ಮತ್ತೆ ತುಂಬಿ, ಹೆಚ್ಚಾದದ್ದು ತಾನಾಗಿ ಹರಿದು ನಿಂತ ಮೇಲೆ ಮುಚ್ಚಿ. ತೂತನ್ನು ಬೆರಳಿನಿಂದ ಒತ್ತಿಹಿಡಿದು ಇನ್ನಷ್ಟು ತುರುಕಿದರೆ ಎಣ್ಣೆ ನೊರೆಗಟ್ಟಿ ಬಿಸಿಯಾಗುತ್ತದೆ, ಸೀಲ್ ದಾಟುತ್ತದೆ.

ಹತ್ತು ಕಿ.ಮೀ. ಓಡಿಸಿ ಬಂದು ಎರಡೂ ಪ್ಲಗ್‌ಗಳ ಸುತ್ತ ಒಣ ಅರಿವೆಯಿಂದ ಒರೆಸಿ ನೋಡಿ. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ, ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯದೆ, ಮುಚ್ಚಿದ ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಬದಲಿಸಿದ ಕಿ.ಮೀ. ಮತ್ತು ಎಣ್ಣೆಯ ದರ್ಜೆಯನ್ನು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ.