ಇಎಸ್‌ಎ ಪಟ್ಟಿಯಿಂದ ಊರು ಬಿಡಿಸ್ಬೇಕಾ? ಆಕ್ಷೇಪಣೆ ಹೀಗೆ ಬರೀರಿ

ತೀರ್ಥಹಳ್ಳಿ, ಹೊಸನಗರ, ಸಾಗರ ಯಾವ ಕಡೆ ಹೋದ್ರೂ "ಕಸ್ತೂರಿರಂಗನ್ ವರದಿ ರದ್ದು ಮಾಡಿ" ಅನ್ನೋ ಮಾತು ಇದ್ದೇ ಇರತ್ತೆ. ಪಶ್ಚಿಮ ಘಟ್ಟದ ಯಾವ್ಯಾವ ಊರು ಇಎಸ್‌ಎ, ಅಂದ್ರೆ ಪರಿಸರ ಸೂಕ್ಷ್ಮ ಪ್ರದೇಶ, ಆಗ್ಬೇಕು ಅಂತ ಕಸ್ತೂರಿರಂಗನ್ ಸಮಿತಿ ಹೇಳಿದ್ದು ಅದ್ರಲ್ಲೇ. ಆದ್ರೆ 2013ರ ಆ ವರದಿ ಬರೀ ಶಿಫಾರಸು ಮಾರಾಯ್ರೆ, ಅದ್ರ ಮೇಲೆ ಕೇಂದ್ರ ಪರಿಸರ ಸಚಿವಾಲಯ 2014ರಿಂದ ಒಂದಾದ ಮೇಲೊಂದು ಕರಡು ಅಧಿಸೂಚನೆ ಹೊರಡಿಸ್ತಾ ಬಂದಿದೆ, 2024ರ ಜುಲೈ 31ಕ್ಕೆ ಬಂದಿದ್ದು ಆರನೇದು. ಕರಡು ಹಂತದಲ್ಲಿ ರದ್ದು ಮಾಡೋಕೆ ಏನೂ ಇರಲ್ಲ, ಆಗ ಕೆಲ್ಸಕ್ಕೆ ಬರೋದು ಲಿಖಿತ ಆಕ್ಷೇಪಣೆ ಒಂದೇ. ಗೆಜೆಟ್ ಪ್ರತಿ ಸಾರ್ವಜನಿಕರಿಗೆ ಸಿಕ್ಕ ದಿನದಿಂದ 60 ದಿನ ಟೈಮು, ನಮ್ಮ ಕಡೆ ಅದ್ರಲ್ಲಿ ಅರ್ಧ ಮೀಟಿಂಗ್‌ಗೇ ಹೋಗತ್ತೆ.

ಮೊದ್ಲು ನಿಮಗೆ ನಿಜವಾಗ್ಲೂ ಅಡ್ಡ ಬರ್ತಿರೋದು ಯಾವ ಕಾನೂನು ಅಂತ ನೋಡ್ಕೊಳ್ಳಿ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಅರ್ಜಿ ನಿಂತಿದೆ ಅಂದ್ರೆ ಅದು ಇಎಸ್‌ಎಯಿಂದ ಅಲ್ದೇ ಇರಬಹುದು, ಆ ಸರ್ವೆ ನಂಬರಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ನೋಟಿಫಿಕೇಶನ್ (ಮೀಸಲು ಅರಣ್ಯ ಮಾಡ್ತೀವಿ ಅನ್ನೋ ಮೊದಲ ಪ್ರಕಟಣೆ) ಇರಬಹುದು, ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತ ಘೋಷಣೆ ಆಗ್ದಿದ್ರೂ ಅರಣ್ಯ ಅಂತಲೇ ಪರಿಗಣಿಸೋ ಜಾಗ) ಪಟ್ಟೀಲಿ ಇರಬಹುದು, ಇಲ್ಲಾ ಶರಾವತಿ, ಶೆಟ್ಟಿಹಳ್ಳಿ ಅಭಯಾರಣ್ಯದ ಗಡಿ ಬಂದಿರಬಹುದು. ಒಂದೊಂದಕ್ಕೂ ಆಫೀಸು ಬೇರೆ, ಅರ್ಜಿ ಬೇರೆ. ಪಹಣಿ ತಗೊಂಡು ತಾಲ್ಲೂಕು ಆಫೀಸು, ಅರಣ್ಯ ಇಲಾಖೆ ರೇಂಜ್ ಆಫೀಸು ಎರಡೂ ಕಡೆ ಕೇಳಿ, ಆಮೇಲೆ ಕರಡಿನ ಗ್ರಾಮ ಪಟ್ಟೀಲಿ ನಿಮ್ಮೂರು ಇದ್ಯಾ ನೋಡಿ.

ಇದ್ರೆ, ಅದು ಹೇಗೆ ಸೇರ್ತು ಅನ್ನೋದೇ ನಿಮ್ಮ ಅಸ್ತ್ರ. ಕಸ್ತೂರಿರಂಗನ್ ತಂಡ ಉಪಗ್ರಹ ಚಿತ್ರ ಇಟ್ಕೊಂಡು, ಒಂದು ಗ್ರಾಮದಲ್ಲಿ ಶೇ. 20 ಅಥವಾ ಅದಕ್ಕಿಂತ ಜಾಸ್ತಿ ಭಾಗ ಜೀವವೈವಿಧ್ಯ ಇರೋ ಸಹಜ ಕಾಡು ಅಂತ ಕಂಡ್ರೆ ಇಡೀ ಗ್ರಾಮನ್ನೇ ಸೇರಿಸ್ತು. ಅಂದ್ರೆ ಊರಿನ ಮುಕ್ಕಾಲು ಭಾಗ ಗದ್ದೆ ತೋಟ ಇದ್ರೂ ಪಟ್ಟಿಗೆ ಬರಬಹುದು. ಹಾಗಾಗಿ "ನಮ್ಗೆ ತೊಂದ್ರೆ ಆಗತ್ತೆ" ಅಂತ ಎರಡು ಪುಟ ಬರಿಯೋ ಬದ್ಲು ಗ್ರಾಮದ ಒಟ್ಟು ವಿಸ್ತೀರ್ಣ ಎಷ್ಟು, ಅಡಿಕೆ ತೋಟ, ಗದ್ದೆ, ಮನೆ, ರಸ್ತೆ ಎಷ್ಟು, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು), ಕಾನು (ದಟ್ಟ ಕಾಡು) ಎಷ್ಟು ಅಂತ ಪಹಣಿ, ಗ್ರಾಮ ನಕ್ಷೆ ಆಧಾರದ ಮೇಲೆ ಲೆಕ್ಕ ಹಾಕಿ ಬರೀರಿ. ತೋಟನ ಕಾಡು ಅಂತ ತೋರ್ಸಿದ್ರೆ ಆ ಸರ್ವೆ ನಂಬರ್ ಹೆಸರಿಸಿ ಫೋಟೋ ಹಾಕಿ. ಹಾಗಂತ ಕಾನನ್ನ ತೋಟ ಅಂತ ಬರೀಬೇಡಿ, ಸ್ಥಳ ತನಿಖೆಗೆ ಬಂದ್ರೆ ಇಡೀ ಅರ್ಜಿ ಬಿದ್ದೋಗತ್ತೆ.

ಇನ್ನೊಂದು, ಕರಡು ಓದಿ, ಗ್ರಾಮ ಪಟ್ಟಿ ಬಿಟ್ರೆ ಸಣ್ಣದೇ ಇದೆ. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯೋದು, ಹೊಸ ಥರ್ಮಲ್ ಪ್ಲಾಂಟು, ಕೆಂಪು ವರ್ಗದ (ಜಾಸ್ತಿ ಮಾಲಿನ್ಯ ಮಾಡೋ) ಕೈಗಾರಿಕೆ, 20,000 ಚದರ ಮೀಟರಿನ ಮೇಲಿನ ಕಟ್ಟಡ, ನಿಷೇಧ ಅಂತ ಇರೋದು ಮುಖ್ಯವಾಗಿ ಇವು. ಅಡಿಕೆ ಬೆಳಿಯೋದು ಆ ಪಟ್ಟೀಲಿ ಇಲ್ಲ. ಯಾರೋ ಕ್ವಾರಿಯವ್ರು ನಿಮ್ಮ ತೋಟದ ಹೆಸ್ರು ಹೇಳ್ಕೊಂಡು ಸಹಿ ಹಾಕಿಸ್ಕೊಳ್ತಿದಾರಾ ಅಂತನೂ ನೋಡ್ಕೊಳ್ಳಿ, ಅದೂ ನಡಿಯತ್ತೆ.

ಗ್ರಾಮಸಭೆ ಕರ್ಸಿ ಠರಾವು ಮಾಡ್ಸಿ, ಪಿಡಿಒ ಸಹಿ ಸೀಲು ಇರೋ ನಕಲು ಲಗತ್ತಿಸಿ. ಠರಾವಿಗೆ ಕೇಂದ್ರ ಬಗ್ಗಲೇಬೇಕು ಅಂತೇನಿಲ್ಲ, ಆದ್ರೆ ದಾಖಲೆ ಆಗತ್ತೆ. ರಾಜ್ಯ ಸಂಪುಟವೇ 2024ರ ಸೆಪ್ಟೆಂಬರ್‌ನಲ್ಲಿ ವರದಿ ತಿರಸ್ಕರಿಸ್ತು, ಅಷ್ಟಕ್ಕೇ ಕರಡು ಬಿದ್ದೋಗಲ್ಲ, ಯಾಕಂದ್ರೆ ಅಧಿಕಾರ ಇರೋದು 1986ರ ಪರಿಸರ ಸಂರಕ್ಷಣಾ ಕಾಯ್ದೆ ಕೆಳಗೆ ಕೇಂದ್ರಕ್ಕೆ. ಅರ್ಜಿ ಹೋಗ್ಬೇಕಾದ್ದೂ ಅಲ್ಲಿಗೇ: ಕಾರ್ಯದರ್ಶಿ, ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ, ಇಂದಿರಾ ಪರ್ಯಾವರಣ್ ಭವನ್, ಜೋರ್ ಬಾಗ್ ರಸ್ತೆ, ನವದೆಹಲಿ 110003. ಕನ್ನಡದ ಜೊತೆ ಇಂಗ್ಲಿಷ್ ಪ್ರತಿನೂ ಇಡಿ, ಸ್ಪೀಡ್ ಪೋಸ್ಟ್ ಮಾಡಿ, ಕರಡಲ್ಲಿ ಕೊಟ್ಟಿರೋ ಇಮೇಲ್‌ಗೂ ಹಾಕಿ, ಒಂದು ಪ್ರತಿ ಡಿಸಿ ಆಫೀಸಿನ ಟಪಾಲಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಹೊಸ ಕರಡು ಬಂದ್ರೆ ಹಳೇದು ಸಾಕು ಅಂತ ಕೂರ್ಬೇಡಿ, ಮತ್ತೆ ಕಳ್ಸಿ.

ಅಂತಿಮ ಅಧಿಸೂಚನೆ ಆಗೋದ್ರೆ ಮಾತ್ರ ರದ್ದು ಅನ್ನೋ ಪ್ರಶ್ನೆ. 1897ರ ಜನರಲ್ ಕ್ಲಾಸಸ್ ಕಾಯ್ದೆ ಸೆಕ್ಷನ್ 21ರ ಪ್ರಕಾರ ಹೊರಡಿಸಿದವರೇ ತಿದ್ದಬಹುದು, ವಾಪಸ್ ತಗೋಬಹುದು, ಅದಕ್ಕೆ ಸಂಸದರ ಬೆನ್ನು ಬೀಳ್ಬೇಕು. ಇಲ್ಲಾಂದ್ರೆ ಹೈಕೋರ್ಟಲ್ಲಿ ರಿಟ್. ಅಲ್ಲಿ ಆಕ್ಷೇಪಣೆ ಪರಿಗಣಿಸಿದ್ರಾ ಇಲ್ವಾ ಅನ್ನೋದು ದೊಡ್ಡ ವಾದ, ಸ್ಪೀಡ್ ಪೋಸ್ಟ್ ರಸೀದಿ ಇಲ್ದೆ ಆ ವಾದ ನಿಲ್ಲೋದು ಕಷ್ಟ. ಅದಕ್ಕೇ ಅರ್ಜಿ ಕಳ್ಸಿ ಒಂದೆರಡು ತಿಂಗಳಾದ ಮೇಲೆ ನಮ್ಮ ಆಕ್ಷೇಪಣೆ ಏನಾಯ್ತು ಅಂತ ಒಂದು ಆರ್‌ಟಿಐ ಹಾಕಿಡಿ, 30 ದಿನದಲ್ಲಿ ಉತ್ತರ ಕೊಡ್ಬೇಕು.