ಸ್ಲೈಡರ್ ಕಿತ್ತು ಹಾಕಿದ ಮೇಲೆ ಓಡಿದ ನಮ್ಮ ಸ್ಕೂಲ್ ಪೋರ್ಟಲ್

ಈ ಸಲ ಫೀ ಕಟ್ಟುವ ಕೊನೆ ವಾರ ನಮ್ಮ ಆಫೀಸ್ ಕಿಟಕಿ ಮುಂದೆ ಕ್ಯೂ ಇರಲಿಲ್ಲ. "ಇದೆಲ್ಲ ನಮ್ಮ ಹುಡುಗರಿಗೆ ಆಗಲ್ಲ ಬಿಡಿ, ಕೊನೆಗೆ ಇಲ್ಲಿಗೇ ಬರ್ತಾರೆ" ಅಂತ ಎರಡು ವರ್ಷ ಹೇಳಿಕೊಂಡು ಬಂದ ಸೂಪರಿಂಟೆಂಡೆಂಟ್ ಸಾಹೇಬರೇ ಮೊನ್ನೆ, ನಮ್ಮ ಹುಡುಗಿ ಓದೋ ಕಾಲೇಜಿಗೂ ಇಂಥದ್ದೊಂದು ಪೋರ್ಟಲ್ ಮಾಡಿಕೊಡ್ತೀರಾ ಅಂತ ಕೇಳಿದರು. ಅದಕ್ಕೇ ಬರೆಯೋಣ ಅನ್ನಿಸಿತು.

ಹಳೇ ಮೈಸೂರು ಕಡೆಯ ಒಂದು ವಿಶ್ವವಿದ್ಯಾಲಯದ ಸ್ಕೂಲ್ ನಮ್ಮದು. ಐದು ಪಿಜಿ ವಿಭಾಗ, ಹೆಚ್ಚುಕಮ್ಮಿ 900 ವಿದ್ಯಾರ್ಥಿಗಳು. ನಾನು ಹೊರಗುತ್ತಿಗೆ ಪ್ರೋಗ್ರಾಮರ್. ಹೊರಗಿನ ಕಂಪನಿಯೊಂದು ನಾಲ್ಕೂವರೆ ಲಕ್ಷದ ಕೊಟೇಶನ್ ಕೊಟ್ಟಿತ್ತು, ವರ್ಷಕ್ಕೆ ಎಎಂಸಿ (ನಿರ್ವಹಣೆ ಖರ್ಚು) ಬೇರೆ. ನನ್ನದು ಸರ್ವರ್, ಎಸ್ಸೆಮ್ಮೆಸ್, ಒಂದು ಸ್ಕ್ಯಾನರ್ ಎಲ್ಲ ಸೇರಿ ಎಪ್ಪತ್ತು ಸಾವಿರದೊಳಗೆ ಮುಗಿಯಿತು. ನನ್ನ ಸಂಬಳ ಇದರಲ್ಲಿ ಹಿಡಿದಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ ಬಿಡಿ.

ಮೊದಲ ಸಲ ಮಾಡಿದ್ದು ಮದುವೆ ಆಲ್ಬಂ ಥರ ಇತ್ತು. ಏಳು ಫೋಟೋ ತಿರುಗುವ ಸ್ಲೈಡರ್, ಓಡುವ ಅಕ್ಷರ, ಡೀನ್ ಸಂದೇಶ, ವಿಷನ್, ಮಿಷನ್. ಮೊದಲ ಪುಟವೇ ಆರು ಎಂಬಿ. ನನ್ನ ಮೇಜಿನ ಮೇಲೆ ಜಿಂಕೆ ಥರ ಓಡುತ್ತಿತ್ತು, ಎಚ್.ಡಿ. ಕೋಟೆ ಬಸ್ಸಿನಲ್ಲಿ ಕೂತ ಹುಡುಗಿಯ ಫೋನಿನಲ್ಲಿ ಬರೀ ಬಿಳಿ ಪರದೆ. ಮೂರು ತಿಂಗಳಲ್ಲಿ ಲಾಗಿನ್ ಆದವರು ನೂರೂ ದಾಟಲಿಲ್ಲ, ಅದರಲ್ಲಿ ಅರ್ಧ ನಾನೇ ಇರಬೇಕು.

ಆಮೇಲೆ ಕೋಡ್ ಮುಚ್ಚಿಟ್ಟು, ಎಫ್‌ಡಿಎ ಮೇಡಂ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಮೂರು ದಿನ ಕೂತೆ. ಕಿಟಕಿಗೆ ಬಂದವರು ಏನು ಕೇಳುತ್ತಾರೋ ಅದೇ ಮಾತಿನಲ್ಲಿ ಬರೆದುಕೊಂಡೆ. ಸುಮಾರು 240 ಪ್ರಶ್ನೆ. ಅರ್ಧಕ್ಕಿಂತ ಜಾಸ್ತಿ ನಾಲ್ಕೇ ನಾಲ್ಕು: ಫೀ ಕೊನೆ ದಿನ ಯಾವಾಗ, ಸ್ಟಡಿ ಸರ್ಟಿಫಿಕೇಟ್ ಬೇಕು, ಟೈಮ್‌ಟೇಬಲ್ ಬದಲಾಯ್ತಾ, ಮಾರ್ಕ್ಸ್ ಕಾರ್ಡ್ ಬಂತಾ. ಬಸ್ ಪಾಸಿಗೆ ಸರ್ಟಿಫಿಕೇಟ್ ಕೇಳಿದವರು ಎಲ್ಲ ಹುಡುಗರೇ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಆ ತಲೆನೋವಿಲ್ಲ ಅಲ್ವಾ. ವಿಷನ್ ಏನು ಅಂತ ಒಬ್ಬರೂ ಕೇಳಲಿಲ್ಲ.

ಆ ಮಾತುಗಳನ್ನೇ ಬಟನ್ ಮಾಡಿದೆ. "ಫೀ ಕಟ್ಟಬೇಕು", "ಸ್ಟಡಿ ಸರ್ಟಿಫಿಕೇಟ್ ಬೇಕು". "ವ್ಯಾಸಂಗ ಪ್ರಮಾಣಪತ್ರ ಅಂತ ಹಾಕ್ರೀ, ಕನ್ನಡ ಉಳೀಬೇಕು" ಅಂತ ಒಬ್ಬ ಮೇಷ್ಟ್ರು ಸಿಟ್ಟಾದರು. ನಾನು ಅಟೆಂಡರ್ ಅಣ್ಣನ ಕೈಗೆ ಫೋನ್ ಕೊಟ್ಟು ಅವರೆದುರೇ ಕೇಳಿದೆ. ಅಣ್ಣ ಎರಡನೇ ಸೆಕೆಂಡಿಗೆ ಸ್ಟಡಿ ಸರ್ಟಿಫಿಕೇಟ್ ಒತ್ತಿದರು, ಇನ್ನೊಂದನ್ನು ಓದಲೂ ಇಲ್ಲ. ಪರೀಕ್ಷೆ, ರಿಸಲ್ಟ್ ಎಲ್ಲ ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ ಪೋರ್ಟಲ್ ಆದ ಯುಯುಸಿಎಂಎಸ್‌ನಲ್ಲೇ ಇರುತ್ತೆ, ಅದಕ್ಕೆ ಕೈ ಹಾಕದೆ ಅಲ್ಲಿಗೆ ಹೋಗಲು ಒಂದು ಬಟನ್ ಮಾತ್ರ ಇಟ್ಟೆ.

ಲಾಗಿನ್ನೇ ನನ್ನನ್ನು ಹಣ್ಣು ಮಾಡಿದ್ದು. ಇಮೇಲ್ ಇಟ್ಟರೆ, ಅರ್ಧ ಹುಡುಗರ ಇಮೇಲ್ ಮಾಡಿಕೊಟ್ಟಿದ್ದೇ ಸೈಬರ್ ಸೆಂಟರಿನವನು, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಓಟಿಪಿ ಇಟ್ಟರೆ ನಂಬರ್ ಅಪ್ಪನದು, ಅಪ್ಪ ಗದ್ದೆಯಲ್ಲಿ. ಮೇಲಿಂದ ದುಡ್ಡು ಬೇರೆ. ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ 160 ಅಕ್ಷರ ಸಿಗುತ್ತೆ, ಕನ್ನಡಕ್ಕೆ 70 ಮಾತ್ರ, ಅದೂ ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಎಣಿಸಿ. "ವಿದ್ಯಾರ್ಥಿ" ಒಂದೇ ಪದ ಹತ್ತು ತಿನ್ನುತ್ತದೆ. ಒಂದು ಮೆಸೇಜ್ ಅಂದುಕೊಂಡಿದ್ದು ಮೂರು ಮೆಸೇಜಿನ ಲೆಕ್ಕದಲ್ಲಿ ಬಿಲ್ಲಾಗಿ ಮೊದಲ ತಿಂಗಳೇ ಆರು ಸಾವಿರ ಹೋಯಿತು. ಡಿಎಲ್‌ಟಿ ಟೆಂಪ್ಲೇಟ್ (ಎಸ್ಸೆಮ್ಮೆಸ್ ಕಳಿಸುವ ಮೊದಲೇ ನೋಂದಾಯಿಸಬೇಕಾದ ಒಕ್ಕಣೆ) ಎರಡು ಸಲ ವಾಪಸ್ ಬಂದಿದ್ದು ಬೇರೆ ಕಥೆ.

ಸರಿ, ರಿಜಿಸ್ಟರ್ ನಂಬರ್ ಜೊತೆ ಹುಟ್ಟಿದ ದಿನ ಇಟ್ಟೆ. ಅದು ನನ್ನ ದಡ್ಡತನ. ಕ್ಲಾಸ್ ಗ್ರೂಪಿನಲ್ಲಿ ಕೇಕ್ ಫೋಟೋ ಹಾಕುವ ಕಾಲದಲ್ಲಿ ಹುಟ್ಟಿದ ದಿನ ಯಾರಿಗೆ ಗೊತ್ತಿಲ್ಲ? ಒಬ್ಬ ತಮಾಷೆಗೆ ಗೆಳೆಯನ ಹೆಸರಲ್ಲಿ ಟಿಸಿಗೆ ಅರ್ಜಿ ಹಾಕಿಬಿಟ್ಟ, ಮೇಡಂ ಟೈಪ್ ಮಾಡಿ ಸಹಿಗೂ ಕಳಿಸಿದ್ದರು. ಈಗ ಆರಂಕಿ ಪಿನ್ ಇದೆ, ಕ್ಲಾಸ್ ಟೀಚರ್ ಕೈಯಿಂದಲೇ ಸಿಗುತ್ತೆ. ಪಿನ್ ಮರೆತವರಿಗೆ ಆಫೀಸಿಗೆ ಬಾರದೆ ಹೊಸದು ಹೇಗೆ ಕೊಡುತ್ತೇವೆ ಅನ್ನೋದು ನನ್ನ ಹತ್ತಿರವೇ ಇರಲಿ.

ಫೀ ವಿಷಯದಲ್ಲಿ ಒಂದೇ ಮಾತು: ದುಡ್ಡು ಕಟ್ಟಿದ ಮೇಲೆ ಬ್ರೌಸರ್ ವಾಪಸ್ ಬಂದೇ ಬರುತ್ತೆ ಅಂತ ನಂಬಬೇಡಿ. ಹುಡುಗರು ಯುಪಿಐ ಆ್ಯಪಿಗೆ ಹೋಗಿ ಕಟ್ಟಿ ಅಲ್ಲಿಂದಲೇ ವಾಟ್ಸಾಪ್‌ಗೆ ಹಾರುತ್ತಾರೆ. ನಮ್ಮಲ್ಲಿ ಬಾಕಿ ಅಂತಲೇ ತೋರಿಸುತ್ತೆ, ಅವರು ಮತ್ತೆ ಕಟ್ಟುತ್ತಾರೆ. ಮೊದಲ ದಿನ ನಲವತ್ತು ಜನ ಎರಡೆರಡು ಸಲ ಕಟ್ಟಿದರು. ರೀಫಂಡ್ ಬರುವವರೆಗೆ ಹನ್ನೊಂದು ದಿನ ನಾನು ಕ್ಯಾಂಟೀನ್ ಕಡೆ ಹೋಗಲಿಲ್ಲ. ಈಗ ವೆಬ್‌ಹುಕ್ (ದುಡ್ಡು ಬಂತು ಅಂತ ಪೇಮೆಂಟ್ ಕಂಪನಿ ತಾನಾಗಿ ಕಳಿಸುವ ಸೂಚನೆ) ಬಂದರೂ ಬರದಿದ್ದರೂ ಹದಿನೈದು ನಿಮಿಷಕ್ಕೊಮ್ಮೆ ಸರ್ವರ್ ತಾನೇ ಹೋಗಿ ಕೇಳುತ್ತೆ, ಉತ್ತರ ಬರುವವರೆಗೆ ಕಟ್ಟುವ ಬಟನ್ ಕಾಣಿಸಲ್ಲ.

ನೋಟಿಸುಗಳೆಲ್ಲ ನುಡಿ ಸಾಫ್ಟ್‌ವೇರಿನ ಹಳೇ, ಯೂನಿಕೋಡ್ ಅಲ್ಲದ ಫಾಂಟಿನಲ್ಲೇ ಟೈಪ್ ಆಗೋದು. ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಮೂಡಿದ ಹಾಗೆ ಬರುತ್ತೆ, ನಿಮಗೂ ಗೊತ್ತಿರುತ್ತೆ. ಮೇಡಂಗೆ ಯೂನಿಕೋಡ್ ಕಲಿಸಲು ಹೋಗಿ ಸೋತೆ. ಪೇಸ್ಟ್ ಆಗುವ ಹೊತ್ತಿಗೇ ಪರಿವರ್ತನೆ ಆಗುವ ಹಾಗೆ ಮಾಡಿದೆ. ಆಗ ನೋಟಿಸಿನ ನಡುವಿದ್ದ ಇಮೇಲ್ ವಿಳಾಸವೂ ಕನ್ನಡವಾಗಿ, ಯಾವುದೋ ಮಂತ್ರದ ಥರ ಕಂಡಿತು. ಈಗ ಅಂಥ ಜಾಗ ಹಳದಿಯಾಗುತ್ತೆ, ಮೇಡಂ ಕೈಯಿಂದ ಸರಿ ಮಾಡುತ್ತಾರೆ.

ಸುಮ್ನೆ ಒಂದು ದಿನ ಸರ್ಚ್ ಲಾಗ್, ಅಂದರೆ ಹುಡುಗರು ಪೋರ್ಟಲ್ಲಿನಲ್ಲಿ ಹುಡುಕಿದ ಪದಗಳ ಪಟ್ಟಿ, ತೆಗೆದು ನೋಡಿದೆ. ಹಾಲ್ ಟಿಕೆಟ್, ಹಾಲ್‌ಟಿಕೆಟ್, ಆಲ್ಟಿಕೆಟ್, ಆಲ್ ಟಿಕೇಟು. ನಮ್ಮ ಕಡೆ ಹಕಾರ ನಾಲಿಗೆಯಿಂದ ಮಾತ್ರ ಅಲ್ಲ, ಬೆರಳಿಂದಲೂ ಬಿದ್ದುಹೋಗಿದೆ! ಎರಡನೆಯದರಲ್ಲಿ ಲ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತೆ, ಅದಿದ್ದರೆ ಹೊಂದುವುದೇ ಇಲ್ಲ. ಅದನ್ನೂ ಖಾಲಿ ಜಾಗವನ್ನೂ ಅವರು ಹುಡುಕುವ ಪದದಲ್ಲೂ ನಮ್ಮ ಪುಟದ ಪದದಲ್ಲೂ ಕಿತ್ತು, ಹ ಮತ್ತು ಅ ಒಂದೇ ಅಂತ ಹುಡುಕಿಸಿದೆ. ಒಂದು ಭಾನುವಾರದ ಕೆಲಸ, ಆದರೆ ಇಡೀ ಪೋರ್ಟಲ್‌ನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಅದೇ.

ಡೀನ್ ಫೋಟೋ ಈಗ ಪುಟದ ಕೊನೆಯಲ್ಲಿದೆ, 18 ಕೆಬಿ. ಅವರು ಇನ್ನೂ ಗಮನಿಸಿದ ಹಾಗಿಲ್ಲ. ಉಳಿದಿರೋದು ನೋ ಡ್ಯೂ, ಅಂದರೆ ಏನೂ ಬಾಕಿ ಇಲ್ಲ ಅನ್ನೋ ಸರ್ಟಿಫಿಕೇಟ್. ಲೈಬ್ರರಿಯವರ ಬಾಕಿ ಲೆಕ್ಕ ಇವತ್ತಿಗೂ ಕೆಂಪು ಬಟ್ಟೆ ಹೊದಿಸಿದ ಲೆಡ್ಜರಿನಲ್ಲಿದೆ, ಕೇಳಿದರೆ "ಬನ್ನಿ, ಕೂತ್ಕೊಂಡು ನೀವೇ ಬರ್ಕೊಳ್ಳಿ" ಅನ್ನುತ್ತಾರೆ. ಸ್ಟೂಲ್ ಈಗ ಅಲ್ಲಿಗೆ ಹೋಗಿದೆ.